ನೇಜಿಗದ್ದೆಯ ಕಥೆ ಬೋರ್ಡಿಗೆ

ದಕ್ಷಿಣ ಕನ್ನಡದ ಹಳ್ಳಿಶಾಲೆಗೆ ಬರುವ ಹೆಚ್ಚಿನ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಮನೆಯಲ್ಲಿ ತುಳು, ಇಲ್ಲವೆ ಕೊಂಕಣಿ, ಬ್ಯಾರಿ. ಒಂದನೆಯ ತರಗತಿಯಲ್ಲಿ ಅಕ್ಷರವೂ ಹೊಸತು, ಭಾಷೆಯೂ ಹೊಸತು. ಕಥೆಯಾದರೂ ಹಳೆಯದಿರಲಿ ಎಂಬುದು ನನ್ನ ವಾದ.

ಈ ದಾರಿ ತುಳಿದವರು ನಮಗಿಂತ ಮೊದಲೇ ಇದ್ದಾರೆ. ಬಾಸೆಲ್ ಮಿಶನ್ನಿನ ಮೆನ್ನರ್ ಪಾದ್ರಿ 1886ರಲ್ಲಿ ಮಂಗಳೂರಿನಲ್ಲಿ ತುಳು ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ಅವರ ಕಣ್ಣಿದ್ದದ್ದು ಭೂತಾರಾಧನೆಯ ಮೇಲೆ, ಮಕ್ಕಳ ಮೇಲಲ್ಲ. ಮಕ್ಕಳನ್ನು ನೆನೆದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಇವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆದದ್ದು ಕನ್ನಡ. ಮೇಷ್ಟರಾಗಿ, ಮುಂದೆ ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳ ಓದನ್ನು ಹತ್ತಿರದಿಂದ ಕಂಡವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1924ರಲ್ಲಿ ಕೋಟಿ ಚೆನ್ನಯರ ಪಾಡ್ದನವನ್ನು ಕನ್ನಡ ಗದ್ಯಕ್ಕಿಳಿಸಿದರು. ನೇಜಿ ನೆಡುವ ಹೆಂಗಸರು ಹಾಡುತ್ತಿದ್ದ ಬಿಲ್ಲವ ಅವಳಿಗಳ ಕಥೆ ಪುಸ್ತಕವಾಯಿತು. ತನ್ನೂರ ಗರಡಿಯ ವೀರರನ್ನು ಅಕ್ಷರದಲ್ಲಿ ಕಂಡ ಮಗುವಿನ ಬೆನ್ನು ನೆಟ್ಟಗಾಗುವುದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಅದಕ್ಕೇ, ‘ಭೂತದ ಕಥೆ ಶಾಲೆಗೇಕೆ ಟೀಚರ್?’ ಎಂದು ಯಾರಾದರೂ ಕೇಳಿದರೆ ನಾನು ಜಗ್ಗುವುದಿಲ್ಲ.

‘ಬುದ್ಯಂತ ಗದ್ದೆಗೆ ನೀರು ಬಿಡಲಿಲ್ಲ’ ಎಂದು ಬೋರ್ಡಿನಲ್ಲಿ ಬರೆಯುತ್ತೇನೆ. ತುಳು ಮಗು ‘ಗದ್ದೆ’ ಎಂಬಲ್ಲಿ ‘ಕಂಡ’ ಎಂದು ಓದುತ್ತದೆ. ತುಳುವಿನಲ್ಲಿ ಕಂಡವೆಂದರೆ ಗದ್ದೆಯೇ. ಇದಕ್ಕೆ ಗದರುವ ಮೇಷ್ಟರುಗಳಿದ್ದಾರೆ. ನನಗೋ ಅದು ಓದಿನ ಮೊಳಕೆ: ಅರ್ಥ ಕೈಗೆ ಸಿಕ್ಕಿದೆ, ಅಕ್ಷರವೊಂದು ಬಾಕಿ. ‘ಇದು ಕ ಅಲ್ಲವಲ್ಲ ಮಗಾ, ಸರಿಯಾಗಿ ನೋಡು’ ಎಂದು ಗ ಅಕ್ಷರದ ಮೇಲೆ ಬೆರಳಿಡಿಸಿದರೆ ಸಾಕು. ಗೊತ್ತಿಲ್ಲದ ಕಥೆಯಾಗಿದ್ದರೆ ಅದೇ ಮಗು ಗ, ದ್ದೆ ಎಂದು ಎರಡನ್ನೂ ಸರಿಯಾಗಿ ಉಚ್ಚರಿಸಿ, ಏನೂ ತಿಳಿಯದೆ ಕುಳಿತುಬಿಡುತ್ತದೆ.

ತೊಡಕೂ ಇಲ್ಲದಿಲ್ಲ. ಕಥೆ ಬಾಯಿಪಾಠವಾದವರು ಬೋರ್ಡನ್ನೇ ನೋಡುವುದಿಲ್ಲ. ಕಣ್ಣು ಕಿಟಕಿಯಾಚೆ, ಬಾಯಿ ಮಾತ್ರ ಕೋಟಿ ಚೆನ್ನಯರ ಜೊತೆ. ಆಗ ‘ನೀರು’ ಅಳಿಸಿ ‘ಮಜ್ಜಿಗೆ’ ಎಂದು ಬರೆಯುತ್ತೇನೆ. ನಿಜವಾಗಿ ಓದುವವರು ಕಿಸಕ್ಕನೆ ನಗುತ್ತಾರೆ. ಉಳಿದವರು, ಇವರೇಕೆ ನಕ್ಕರೆಂದು ಬೋರ್ಡಿನತ್ತ ತಿರುಗುತ್ತಾರೆ.

ವಾರದ ಕೊನೆಗೆ ಕಥೆಯನ್ನು ಮಕ್ಕಳೇ ಪಟ್ಟಿಯಲ್ಲಿ ಬರೆದು ಮನೆಗೊಯ್ಯುತ್ತಾರೆ. ಓದು ಬಾರದ ಅಜ್ಜಿಗೆ ಓದಿ ಹೇಳಬೇಕು. ಅಜ್ಜಿಯಂದಿರು ಸುಮ್ಮನೆ ಕೇಳುವವರಲ್ಲ, ‘ಅಲ್ಲಿ ಹಾಗಿಲ್ಲ’ ಎಂದು ನಡುವೆಯೇ ತಡೆಯುತ್ತಾರೆ. ಸೋಮವಾರ ಬೋರ್ಡಿಗೆ ಮೊದಲು ಏರುವುದು ಅಜ್ಜಿಯಂದಿರ ಆ ತಿದ್ದುಪಡಿಗಳು.