ಹಿಂಬಾಗಿಲಿನ ಚರಿತ್ರೆ

ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಐತಿಹ್ಯದಂತೆ ಹೈದರಾಲಿಯ ಸೈನಿಕರು ಆ ಕಿಂಡಿಯನ್ನು ಕೊರೆದವರಲ್ಲ. ಕೋಟೆಯ ಜನ ಓಡಾಡುತ್ತಿದ್ದುದನ್ನು ನೋಡಿ ಅದನ್ನು ಅರಿತುಕೊಂಡರು. ಗಣಕಯಂತ್ರದ ಹಿಂಬಾಗಿಲನ್ನೂ ಬಹುಮಟ್ಟಿಗೆ ಮನೆಯವರೇ ತೆರೆದುಕೊಡುತ್ತಾರೆ.

1998ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಹ್ಯಾಕರ್ ಬಳಗವು ‘ಬ್ಯಾಕ್ ಆರಿಫಿಸ್’ ಎಂಬ ತಂತ್ರಾಂಶವನ್ನು ಹೊರತಂದಿತು. ಯಾವುದೋ ಆಟವೆಂದು ನಂಬಿ ತೆರೆದರೆ ಸಾಕು, ದೂರದ ಅಪರಿಚಿತನೊಬ್ಬ ನಿಮ್ಮ ಕಡತಗಳನ್ನೂ ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳನ್ನೂ ಓದಬಲ್ಲವನಾಗುತ್ತಿದ್ದ. ವಿಂಡೋಸ್‌ನ ದೌರ್ಬಲ್ಯವನ್ನು ತೋರಿಸುವುದೇ ಉದ್ದೇಶವೆಂದು ಆ ಬಳಗ ಹೇಳಿತು. ಕಳ್ಳರಿಗಂತೂ ಸಿದ್ಧ ಸಲಕರಣೆ ದೊರೆಯಿತು.

2005ರ ಪ್ರಸಂಗ ಇನ್ನೂ ವಿಚಿತ್ರ. ಸೋನಿ ಬಿಎಂಜಿ ಸಂಸ್ಥೆಯ ಕೆಲವು ಸಂಗೀತದ ಸಿ.ಡಿ.ಗಳು ನಕಲು ತಡೆಯುವ ನೆಪದಲ್ಲಿ ಗಣಕದೊಳಗೆ ಗುಟ್ಟಾಗಿ ತಂತ್ರಾಂಶವೊಂದನ್ನು ನೆಲೆಗೊಳಿಸುತ್ತಿದ್ದವು. ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಅದನ್ನು ಬಯಲಿಗೆಳೆದರು. ಅದು ತನ್ನ ಕಡತಗಳನ್ನು ವಿಂಡೋಸ್‌ನ ಕಣ್ಣಿಗೇ ಬೀಳದಂತೆ ಮರೆಮಾಡಿತ್ತು. ಇದನ್ನೇ ರೂಟ್‌ಕಿಟ್ ಎನ್ನುವುದು. ಕಳ್ಳನಿದ್ದಾನೆಯೇ ಎಂದು ಯಂತ್ರವನ್ನು ಕೇಳಿದರೆ, ಅದು ಕಳ್ಳನ ಬಾಯಿಂದಲೇ ಉತ್ತರ ಹೇಳುತ್ತದೆ!

ಈಗ ಹಿಂಬಾಗಿಲು ಮೊಬೈಲಿಗೆ ಬಂದಿದೆ. ಸಂಚಾರ ದಂಡದ ಚಲನ್ ಎಂಬ ಸೋಗಿನಲ್ಲಿ ವಾಟ್ಸ್ಆ್ಯಪ್ ಮೂಲಕ ಬರುವ ಎಪಿಕೆ ಕಡತವು 4,400ಕ್ಕೂ ಹೆಚ್ಚು ಫೋನುಗಳನ್ನು ಹೊಕ್ಕಿತ್ತೆಂದು 2024ರಲ್ಲಿ ಕ್ಲೌಡ್‌ಸೆಕ್ ಸಂಸ್ಥೆ ವರದಿ ಮಾಡಿತು. ಅದು ಎಸ್‌ಎಂಎಸ್‌ಗಳನ್ನು, ಎಂದರೆ ಒಟಿಪಿಗಳನ್ನೂ ಓದಿ ಕಳಿಸುತ್ತಿತ್ತು. ನಮ್ಮ ಕೋಗಿಲಿನ ನಿವೃತ್ತ ಮಿತ್ರರೊಬ್ಬರಿಗೂ ಇಂಥ ಚಲನ್ ಬಂದಿತ್ತು. ಅವರ ಬಳಿ ಸೈಕಲ್ ಕೂಡ ಇಲ್ಲ. ಪಿಂಚಣಿಯ ಖಾತೆ ಮಾತ್ರ ಅದೇ ಫೋನಿನಲ್ಲಿದೆ.

ಅಂಥದ್ದನ್ನು ತೆರೆದುಬಿಟ್ಟಿದ್ದರೆ ಮೊದಲು ಅಂತರಜಾಲ ಸಂಪರ್ಕವನ್ನು ಕಡಿಯಬೇಕು. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು; ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಸೇಫ್ ಮೋಡ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ಅನುಮತಿಗಳನ್ನು ಹಿಂಪಡೆದು ಅದನ್ನು ತೆಗೆದುಹಾಕಬಹುದು. ಹೋಗದಿದ್ದರೆ ಚಿತ್ರಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ಮೇಲು. ಗಣಕವಾದರೆ, ವಿಂಡೋಸ್ ಪೂರ್ಣವಾಗಿ ಏಳುವ ಮುನ್ನವೇ ಹುಡುಕುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಸಾಧನಗಳನ್ನು ಕೊಡುತ್ತದೆ. ಅಷ್ಟಕ್ಕೂ ಸಂದೇಹ ತೀರದಿದ್ದರೆ ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಬೇಕು.

ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಮಾತ್ರ ಸೋಂಕು ತಗುಲಿದ ಯಂತ್ರದಲ್ಲಿ ಮಾಡಬೇಡಿ. ಹೊಸ ಪಾಸ್‌ವರ್ಡನ್ನೂ ಅದು ಓದುತ್ತಿರುತ್ತದೆ.