ಮುಂಬೈ: ಹಳೆಯ ಬಡಾವಣೆಗಳಲ್ಲಿ ಯಹೂದಿ ವಲಸಿಗರ ಹೆಜ್ಜೆಗುರುತು

ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಿಟ್ಟ ಲೋಕಲ್ ರೈಲು ಮೊದಲು ನಿಲ್ಲುವುದು ಮಸ್ಜಿದ್ ನಿಲ್ದಾಣದಲ್ಲಿ. ಈ ಹೆಸರು ಬಂದದ್ದು ಮುಸಲ್ಮಾನರ ಮಸೀದಿಯಿಂದಲ್ಲ, ಸಮೀಪದ ಯಹೂದಿ ಪ್ರಾರ್ಥನಾ ಮಂದಿರದಿಂದ ಎಂಬ ವಿವರಣೆ ಪ್ರಚಲಿತವಾಗಿದೆ. ಸುತ್ತಲಿನ ಜನ ಆ ಮಂದಿರವನ್ನು 'ಜುನಿ ಮಸ್ಜಿದ್', ಅಂದರೆ ಹಳೆಯ ಮಸೀದಿ, ಎಂದು ಕರೆಯುತ್ತಿದ್ದರು. ಕಾಲಾ ಘೋಡಾ, ಸಸೂನ್ ಡಾಕ್, ಇ. ಮೋಸೆಸ್ ರಸ್ತೆ ಮೊದಲಾದ ಹೆಸರುಗಳ ಹಿಂದೆಯೂ ಯಹೂದಿಗಳಿದ್ದಾರೆ. ಆ ಸಮುದಾಯದ ಬಹುಪಾಲು ಜನ ಇಂದು ನಗರದಲ್ಲಿಲ್ಲ. ಅವರು ಕಟ್ಟಿಸಿದ ಮಂದಿರ, ಶಾಲೆ, ಗ್ರಂಥಾಲಯಗಳು ಮಾತ್ರ ಬಳಕೆಯಲ್ಲಿವೆ.

ಕೊಂಕಣದಿಂದ ಬಂದವರು

ಮುಂಬೈಗೆ ಮೊದಲು ಬಂದವರು ಬೆನೆ ಇಸ್ರೇಲ್ ಯಹೂದಿಗಳು. ತಮ್ಮ ಪೂರ್ವಜರ ಹಡಗು ಅಲಿಬಾಗ್ ಸಮೀಪದ ನವಗಾಂವ್ ಕಡಲತೀರದಲ್ಲಿ ಒಡೆದು, ಬದುಕುಳಿದ ಕೆಲವರಿಂದ ತಮ್ಮ ಕುಲ ಬೆಳೆಯಿತು ಎಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಅವರು ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದರು. ಮರಾಠಿ ಅವರ ಮನೆಮಾತಾಯಿತು. ಊರಿನ ಹೆಸರಿಗೆ 'ಕರ್' ಸೇರಿಸಿದ ದಿವೇಕರ್, ಪೇಣಕರ್, ಚೌಲಕರ್ ಮುಂತಾದ ಅಡ್ಡಹೆಸರುಗಳು ಬಂದವು. ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮತ್ತು ಬಂದರಿನ ಕೆಲಸಗಳನ್ನು ಅರಸಿ ಅವರು ಮುಂಬೈ ಸೇರತೊಡಗಿದರು.

ಶ್ರೀರಂಗಪಟ್ಟಣದ ನಂಟು

ಅವರಲ್ಲೊಬ್ಬ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಕಂಪನಿಯ ಸೈನ್ಯಾಧಿಕಾರಿಯಾಗಿದ್ದ ಈತ 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನು. ಕುರಾನಿನಲ್ಲಿ ಉಲ್ಲೇಖಗೊಂಡ 'ಬನಿ ಇಸ್ರಾಯಿಲ್' ಜನಾಂಗಕ್ಕೆ ಸೇರಿದವನೆಂದು ತಿಳಿದು ಟಿಪ್ಪುವಿನ ತಾಯಿ ಆತನ ಪ್ರಾಣ ಉಳಿಸಿದಳು ಎಂಬ ಕಥೆ ಸಮುದಾಯದಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬೈನ ಮೊದಲ ಯಹೂದಿ ಪ್ರಾರ್ಥನಾ ಮಂದಿರ ಅಥವಾ ಸಿನಗಾಗ್ ಕಟ್ಟಿಸಿದನು. 'ಕರುಣೆಯ ದ್ವಾರ' ಎಂಬ ಅರ್ಥದ 'ಶಾರ್ ಹರಹಮೀಮ್' ಅದರ ಹೆಸರು. ಮಾಂಡ್ವಿ ಪ್ರದೇಶದ ಸ್ಯಾಮ್ಯುಯೆಲ್ ರಸ್ತೆ ಈತನ ಹೆಸರನ್ನೇ ಹೊತ್ತಿದೆ. ಮಸ್ಜಿದ್ ನಿಲ್ದಾಣಕ್ಕೆ ಹೆಸರು ಕೊಟ್ಟದ್ದೆನ್ನಲಾದ ಮಂದಿರವೂ ಇದೇ.

ಬಾಗ್ದಾದಿನ ವರ್ತಕರು

ಎರಡನೆಯ ಅಲೆ ಹತ್ತೊಂಬತ್ತನೆಯ ಶತಮಾನದ್ದು. ಬಾಗ್ದಾದಿನ ಆಡಳಿತಗಾರ ದಾವೂದ್ ಪಾಶಾನ ಕಿರುಕುಳ ತಾಳಲಾರದೆ ಹಲವು ಯಹೂದಿ ಕುಟುಂಬಗಳು ಊರು ತೊರೆದವು. ಡೇವಿಡ್ ಸಸೂನ್ 1830ರ ದಶಕದ ಆರಂಭದಲ್ಲಿ ಕುಟುಂಬದೊಡನೆ ಮುಂಬೈಗೆ ಬಂದನು. ಹತ್ತಿ, ಬಟ್ಟೆ ಹಾಗೂ ಚೀನಾಕ್ಕೆ ಸಾಗುತ್ತಿದ್ದ ಅಫೀಮಿನ ವ್ಯಾಪಾರದಿಂದ ಈ ಮನೆತನ ಅಪಾರ ಸಂಪತ್ತು ಗಳಿಸಿತು. ಮುಂಬೈ ಇಂದು ಹೆಮ್ಮೆಯಿಂದ ತೋರಿಸುವ ಕೆಲವು ಕಟ್ಟಡಗಳ ಬುನಾದಿಯಲ್ಲಿ ಅಫೀಮಿನ ಹಣವೂ ಇದೆ ಎಂಬುದನ್ನು ಮರೆಯಲಾಗದು. ಸಸೂನ್ ಗಿರಣಿಗಳಲ್ಲಿ ಕೆಲಸ ಸಿಗುವ ಭರವಸೆಯಿಂದ ಬಾಗ್ದಾದಿನ ಬಡ ಯಹೂದಿಗಳೂ ಇಲ್ಲಿಗೆ ಬಂದರು.

ಭಾಯಖಳಾ ಇವರ ನೆಲೆಯಾಯಿತು. ಡೇವಿಡ್ ಸಸೂನ್ ಇಲ್ಲಿ ಕಟ್ಟಿಸಿದ 'ಮಾಗೆನ್ ಡೇವಿಡ್' ಸಿನಗಾಗ್ 1864ರದು. ಎತ್ತರದ ಕಂಬಗಳು ಹಾಗೂ ಗಡಿಯಾರ ಗೋಪುರವುಳ್ಳ ಈ ನೀಲಿ ಕಟ್ಟಡವನ್ನು 1910ರಲ್ಲಿ ಮೊಮ್ಮಗ ಜೇಕಬ್ ಸಸೂನ್ ವಿಸ್ತರಿಸಿದನು. ಆವರಣದಲ್ಲಿರುವ ಸಸೂನ್ ಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂದು ಮುಸ್ಲಿಂ ಮಕ್ಕಳು. ಮಝಗಾಂವ್‌ನ ಸರ್ ಎಲ್ಲಿ ಕದೂರಿ ಶಾಲೆಯದೂ ಇಂತಹುದೇ ಕಥೆ. ಬೆನೆ ಇಸ್ರೇಲ್ ಸಮುದಾಯದ ಇತಿಹಾಸಕಾರ ಹಯೀಮ್ ಸ್ಯಾಮ್ಯುಯೆಲ್ ಕೆಹಿಮಕರ್ ಅವರು 1875ರಲ್ಲಿ ತಮ್ಮವರಿಗಾಗಿ ತೆರೆದ ಈ ಶಾಲೆಯಲ್ಲಿ ಈಗ ಕಲಿಯುತ್ತಿರುವವರು ಬಹುತೇಕ ಇತರ ಸಮುದಾಯಗಳ ಮಕ್ಕಳು.

ಕೋಟೆ ಪ್ರದೇಶ

ಕಾಲಾ ಘೋಡಾ ಎಂಬ ಹೆಸರು ಬಂದದ್ದು ಡೇವಿಡ್ ಸಸೂನನ ಮಗ ಆಲ್ಬರ್ಟ್ ಕೊಡುಗೆಯಾಗಿ ನೀಡಿದ, ಕಪ್ಪು ಕುದುರೆಯ ಮೇಲೆ ಕುಳಿತ ವೇಲ್ಸ್ ರಾಜಕುಮಾರನ ಪ್ರತಿಮೆಯಿಂದ. 1965ರಲ್ಲಿ ಪ್ರತಿಮೆಯನ್ನು ಭಾಯಖಳಾದ ಉದ್ಯಾನಕ್ಕೆ ಸಾಗಿಸಲಾಯಿತು. ಹೆಸರು ಮಾತ್ರ ಹೋಗಲಿಲ್ಲ. 2017ರಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದು ಅಲ್ಲಿ ನಿಂತಿತು. ಹಳದಿ ಮಲಾಡ್ ಕಲ್ಲಿನ ಡೇವಿಡ್ ಸಸೂನ್ ಗ್ರಂಥಾಲಯ ಇಲ್ಲೇ ಇದೆ. ಕೂಗಳತೆಯ ದೂರದಲ್ಲಿ, ಜೇಕಬ್ ಸಸೂನ್ ತನ್ನ ತಂದೆ ಇಲಿಯಾಸ್‌ನ ನೆನಪಿಗಾಗಿ 1884ರಲ್ಲಿ ಕಟ್ಟಿಸಿದ 'ಕೆನೆಸೆತ್ ಎಲಿಯಾಹೂ' ಸಿನಗಾಗ್ ಇದೆ. ಅದರ ಜೀರ್ಣೋದ್ಧಾರ 2019ರಲ್ಲಿ ಪೂರ್ಣಗೊಂಡು ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪುರಸ್ಕಾರ ಪಡೆಯಿತು. ದಕ್ಷಿಣಕ್ಕೆ ಕೊಲಾಬಾದಲ್ಲಿ 1875ರ ಸಸೂನ್ ಡಾಕ್ ಇದ್ದು, ಬೆಳಗಿನ ಜಾವದ ಮೀನಿನ ವಹಿವಾಟಿಗೆ ಪ್ರಸಿದ್ಧವಾಗಿದೆ.

ನಗರ ಜೀವನದಲ್ಲಿ

ಬೆನೆ ಇಸ್ರೇಲ್ ಸಮುದಾಯದ ವೈದ್ಯ ಎಲೈಜಾ ಮೋಸೆಸ್ 1937ರಲ್ಲಿ ಮುಂಬೈ ಮೇಯರ್ ಆದರು. ಮೊದಲ ಭಾರತೀಯ ವಾಕ್ಚಿತ್ರ 'ಆಲಂ ಆರಾ' ಜೋಸೆಫ್ ಡೇವಿಡ್ ಪೇಣಕರ್ ಅವರ ನಾಟಕವನ್ನು ಆಧರಿಸಿತ್ತು. ನಟಿಯರಾದ ಸುಲೋಚನಾ (ರೂಬಿ ಮೈಯರ್ಸ್) ಮತ್ತು ನಾದಿರಾ ಬಾಗ್ದಾದಿ ಮೂಲದವರು. ನಟ ಡೇವಿಡ್ ಹಾಗೂ ಕವಿ ನಿಸ್ಸಿಮ್ ಎಜೆಕಿಯೆಲ್ ಬೆನೆ ಇಸ್ರೇಲ್ ಸಮುದಾಯಕ್ಕೆ ಸೇರಿದವರು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಈ ಸಮುದಾಯ ನಡೆಸುವ 'ಮಲೀದಾ' ಹರಕೆಯ ನೈವೇದ್ಯವೆಂದರೆ ಕಾಯಿತುರಿ ಬೆರೆಸಿದ ಸಿಹಿ ಅವಲಕ್ಕಿ.

ಹತ್ತು ಜನರ ಪ್ರಶ್ನೆ

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರ ಮರುವಲಸೆ ಆರಂಭವಾಯಿತು. ಬೆನೆ ಇಸ್ರೇಲರು ಹೆಚ್ಚಾಗಿ ಇಸ್ರೇಲಿಗೂ ಬಾಗ್ದಾದಿಗಳು ಬ್ರಿಟನ್ ಮೊದಲಾದ ದೇಶಗಳಿಗೂ ತೆರಳಿದರು. ಆ ಹೊತ್ತಿಗೆ ಭಾರತದಲ್ಲಿ 20 ಸಾವಿರಕ್ಕೂ ಹೆಚ್ಚಿದ್ದ ಯಹೂದಿಗಳ ಸಂಖ್ಯೆ 2011ರ ಜನಗಣತಿಯಲ್ಲಿ 5 ಸಾವಿರಕ್ಕಿಂತ ಕಡಿಮೆಯಾಗಿತ್ತು. ಮುಂಬೈ ಸುತ್ತಮುತ್ತ ಉಳಿದ ಕುಟುಂಬಗಳಲ್ಲಿ ಅನೇಕವು ಠಾಣೆಯತ್ತ ಸರಿದಿವೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು.

ಯಹೂದಿ ಪದ್ಧತಿಯಂತೆ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ 10 ಮಂದಿ ವಯಸ್ಕ ಪುರುಷರು ಬೇಕು. ಹಳೆಯ ಬಡಾವಣೆಗಳ ಸಿನಗಾಗ್‌ಗಳಲ್ಲಿ ಇಷ್ಟು ಜನರನ್ನು ಕೂಡಿಸುವುದೇ ಇಂದಿನ ಸಮಸ್ಯೆ. ಒಂದು ಕಾಲಕ್ಕೆ ಬಾಗ್ದಾದಿಗಳು ಬೆನೆ ಇಸ್ರೇಲರನ್ನು ಸರಿಸಮಾನರೆಂದು ಒಪ್ಪುತ್ತಿರಲಿಲ್ಲ, ಅವರೊಡನೆ ವಿವಾಹ ಸಂಬಂಧವನ್ನೂ ಬೆಳೆಸುತ್ತಿರಲಿಲ್ಲ. ಈಗ ಬಾಗ್ದಾದಿಗಳು ಕಟ್ಟಿಸಿದ ಮಂದಿರಗಳಲ್ಲಿ ಪ್ರಾರ್ಥನೆ ನಿಲ್ಲದಂತೆ ನೋಡಿಕೊಂಡಿರುವವರು ಮುಖ್ಯವಾಗಿ ಬೆನೆ ಇಸ್ರೇಲರೇ. ಕಲ್ಲಿನ ಕಟ್ಟಡವನ್ನು ದಾನಿಗಳ ಹಣದಿಂದ ದುರಸ್ತಿ ಮಾಡಬಹುದು. ಒಳಗೆ ಕೂರುವ ಹತ್ತು ಜನರನ್ನು ಹಣ ಕೊಟ್ಟು ತರಲಾಗದು.

ಸಂದರ್ಶಕರಿಗೆ

ಕೊಲಾಬಾದ ನಾರಿಮನ್ ಹೌಸ್ ಯಹೂದಿ ಕೇಂದ್ರದ ಮೇಲೆ 2008ರ ನವೆಂಬರ್‌ನಲ್ಲಿ ಭಯೋತ್ಪಾದಕ ದಾಳಿ ನಡೆದ ಬಳಿಕ ಸಿನಗಾಗ್‌ಗಳಿಗೆ ಬಿಗಿ ಭದ್ರತೆ ಒದಗಿಸಲಾಗಿದೆ. ಒಳಗೆ ಹೋಗಬಯಸುವವರು ಗುರುತಿನ ಚೀಟಿ ಇಟ್ಟುಕೊಳ್ಳುವುದು, ಪ್ರಾರ್ಥನೆಯ ದಿನವಾದ ಶನಿವಾರವನ್ನು ಬಿಟ್ಟು ಹೋಗುವುದು ಮತ್ತು ಪುರುಷರು ತಲೆ ಮುಚ್ಚಿಕೊಳ್ಳುವುದು ಉಚಿತ. ಕಾಲಾ ಘೋಡಾ ಸುತ್ತಲಿನ ತಾಣಗಳನ್ನು ಕಾಲ್ನಡಿಗೆಯಲ್ಲಿ ನೋಡಬಹುದು. ಮಾಂಡ್ವಿಗೆ ಮಸ್ಜಿದ್, ಮಾಗೆನ್ ಡೇವಿಡ್‌ಗೆ ಭಾಯಖಳಾ ಸಮೀಪದ ರೈಲು ನಿಲ್ದಾಣಗಳು.