ಎರಡು ಸಾವಿರ ಗಜ ನೂಲು

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದುದು ಶಾಲೆಯ ಮಕ್ಕಳಿಗೂ ಗೊತ್ತು. ಅಧಿವೇಶನಕ್ಕೆಂದೇ ತೋಡಿದ ಬಾವಿಯನ್ನು ಟಿಳಕವಾಡಿಯಲ್ಲಿ ಈಗಲೂ ತೋರಿಸುತ್ತಾರೆ. ಅಲ್ಲಿ ಅಂಗೀಕಾರವಾದ ಒಂದು ನಿಯಮ ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸದಸ್ಯನಾಗುವವನು ನಾಲ್ಕಾಣೆ ಚಂದಾದ ಬದಲು ತಿಂಗಳಿಗೆ 2000 ಗಜ ನೂಲು ಕೊಡಬೇಕು. ತಾನೇ ನೂಲಲು ಮನಸ್ಸಿಲ್ಲದವನು ಬೇರೆಯವರಿಂದ ನೂಲಿಸಿ ಒಪ್ಪಿಸಬಹುದಿತ್ತು.

ತೊಡಕಿದ್ದುದು ಈ ರಿಯಾಯಿತಿಯಲ್ಲೇ. ಉಡುವ ಬಟ್ಟೆಯ ಹಿಂದಿನ ದುಡಿಮೆಯನ್ನು ಕೈಗೇ ತಿಳಿಸಲೆಂದು ಮಾಡಿದ ನಿಯಮ, ನೂಲು ಕೊಂಡು ಕೊಡುವ ವ್ಯವಹಾರಕ್ಕೂ ದಾರಿ ಬಿಟ್ಟಿತು. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ನಾಲ್ಕಾಣೆ ಮರಳಿ ಬಂತು. ನೂಲು ಇಷ್ಟವಿದ್ದವರಿಗೆ ಉಳಿಯಿತು.

ಬೆಳಗಾವಿ ಸೀಮೆಯಲ್ಲಿ ಖಾದಿಯ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಗಂಗಾಧರರಾವ್ ದೇಶಪಾಂಡೆಯವರು ಹುದಲಿಯನ್ನು ಅದರ ನೆಲೆಯಾಗಿಸಿದರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಗಾಂಧೀಜಿ ಆ ಹಳ್ಳಿಗೆ ಬಂದು ತಂಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣ ಯೋಜನೆ ಕಸುಬಿನ ಮೂಲಕ ಪಾಠ ಹೇಳುವುದಾಗಿತ್ತು. ತಕಲಿ ಹಿಡಿದ ಮಗು ಹತ್ತಿ ಎಲ್ಲಿ ಬೆಳೆಯುತ್ತದೆ, ಯಾವ ಮಣ್ಣು ಒಗ್ಗುತ್ತದೆ, ಅರಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಇರಲಾರದು. ಅದೇ ಭೂಗೋಳ.

ಈ ಭಾಗದ ಮಕ್ಕಳಿಗೆ ಉತ್ತರ ಹತ್ತಿರದಲ್ಲೇ ಇತ್ತು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬ್ರಿಟಿಷರು 19ನೇ ಶತಮಾನದಲ್ಲಿ ಅಮೆರಿಕದ ಹತ್ತಿ ಬೀಜ ಬಿತ್ತಿಸಿದ್ದರು. ಲಂಕಾಶೈರಿನ ಗಿರಣಿಗಳಿಗೆ ಅರಳೆ ಬೇಕಿತ್ತು; ಅಲ್ಲಿಯ ಬಟ್ಟೆ ಇಲ್ಲಿಯ ಪೇಟೆಗೆ ಬರುತ್ತಿತ್ತು. ಬೆಳೆದವನೇ ಗಿರಾಕಿ!

ಖಾನಾಪುರದ ಪಾಠ ಬೇರೆ. ಮಳೆ ಹೆಚ್ಚಿರುವ ಆ ತಾಲ್ಲೂಕು ಭತ್ತದ ನಾಡು, ಹತ್ತಿಯದಲ್ಲ. ಅದರ ಹೆಸರು ಮಣ್ಣಿನಿಂದ: ಹಂಚು, ಗಡಿಗೆ, ಹೂಜಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲೇ ನೆಲೆಯೂರಿತು. ಬೆಳಗಾವಿಯ ಮನೆಗೆ ಖಾನಾಪುರದ ಗಡಿಗೆ ತಂದರೆ ಸ್ವದೇಶಿಯೇ ಸರಿ. ಆದರೆ ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಯಾವ ವಸ್ತುವೂ ನಿರ್ದೋಷಿಯಾಗುವುದಿಲ್ಲ. ಮಣ್ಣು ಯಾರ ಹೊಲದ್ದು, ಆವಿಗೆಗೆ ಉರುವಲು ಯಾವ ಕಾಡಿನದು, ಕುಂಬಾರನ ಕೈಗೆ ಉಳಿದದ್ದೆಷ್ಟು ಎಂದೂ ವಿಚಾರಿಸಬೇಕಾಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಕಾಡು ಇದೇ ತಾಲ್ಲೂಕಿನಲ್ಲಿದೆ. ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುವ ಮಲಪ್ರಭೆಯೂ, ಪಶ್ಚಿಮಕ್ಕೆ ಗೋವೆಯತ್ತ ಇಳಿಯುವ ಮಹದಾಯಿಯೂ ಇಲ್ಲಿಯವೇ.